ಕೊಟ್ಟ ಹೊಲದ ನೀರು

ಸತ್ತವರ ಬಗ್ಗೆ ಒಳ್ಳೆಯದನ್ನೇ ಮಾತಾಡಬೇಕು ಅನ್ನುತ್ತಾರೆ. ಪ್ರಯತ್ನ ಮಾಡಿದೆ, ಆಗಲಿಲ್ಲ. ಹೋದ ವಾರ ದಾನೋಳಿಯಿಂದ ಕಾಕೂನ ತಮ್ಮನ ಫೋನ್ ಬಂತು, ಕಾಕೂ ಹೋದರು ಎಂದು. ಬೆಳಗಿನ ಊಟ ಮುಗಿಸಿ, ತಮ್ಮ ತಾಟು ತಾವೇ ತೊಳೆದಿಟ್ಟು, ಗೋಡೆಗೆ ಒರಗಿ ಕುಳಿತವರು ಹಾಗೇ ಹೋಗಿಬಿಟ್ಟರಂತೆ. ಬಾಯಿಗೆ ಒಂದು ಹನಿ ನೀರು ಬಿಡುವ ಅವಕಾಶವನ್ನೂ ಯಾರಿಗೂ ಕೊಡಲಿಲ್ಲ. ಕೊನೆಗೂ ಯಾರ ಹಂಗೂ ಬೇಡವಾಯಿತು ಆ ಹೆಂಗಸಿಗೆ. ಫೋನ್ ಇಟ್ಟು ಮೊದಲು ಅತ್ತೆ, ಆಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅವರನ್ನು ಬಾಯಿ ತುಂಬ ಬೈದೆ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹೊರಗೆ ಬರಬಾರದು ಎಂದು ಅವರು ನನ್ನಿಂದ ಮಾತು ತೆಗೆದುಕೊಂಡಿದ್ದರು. ನಮ್ಮ ಊರಿನ ಹೆಸರು ಹೇಳಿದರೂ ಹುಡುಕಿ ತೆಗೆಯುತ್ತಾರೆ, ಆದ್ದರಿಂದ ಅದೂ ಬೇಡ. ಗಡಿಯ ಆಚೆ ಇಚಲಕರಂಜಿಗೆ ಹತ್ತಿರದ ಒಂದು ಸಣ್ಣ ಊರು, ನಗರಪಾಲಿಕೆ ಇದೆ, ಬಸದಿ ಇದೆ, ಹಗಲು ರಾತ್ರಿ ಖಟಖಟ ಎನ್ನುವ ಮಗ್ಗಗಳಿವೆ. ಅಷ್ಟು ಸಾಕು. ಊರಿಗೆಲ್ಲ ಅವರು ಕಾಕೂ, ಅಂದರೆ ಚಿಕ್ಕಮ್ಮ. ಮರಾಠಿಯವರಿಗೂ ಕಾಕೂ, ಕನ್ನಡದವರಿಗೂ ಕಾಕೂ.

ನಮ್ಮ ಮನೆಯವರ ತಂದೆ ಗೋಕಾಕ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದವರು. ನಮ್ಮ ಕಾಲಕ್ಕೆ ನಾಲ್ಕು ಮಗ್ಗ ಸ್ವಂತದ್ದಾಗಿ, ಒಂದು ಮನೆಯೂ ಆಯಿತು. ಆ ಮನೆಗೂ ಕಾಕೂನ ಮನೆಗೂ ನಡುವೆ ಒಂದೇ ಗೋಡೆ. ನಾನು ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದೆ, ಹೀಗಾಗಿ ಅವರು ನನ್ನನ್ನು ಬಾಯಾರ ಎನ್ನುತ್ತಿದ್ದರು. ಅವರದು ಬೆಲ್ಲದ ವ್ಯಾಪಾರದ ಜೈನ ಮನೆತನ. ಗಂಡ ಬೇಗ ಹೋಗಿದ್ದರು, ಮಕ್ಕಳಿರಲಿಲ್ಲ. ಅದನ್ನು ಅವರು ಎಂದೂ ದೊಡ್ಡ ಸಂಗತಿ ಮಾಡಲಿಲ್ಲ. ಯಾರಾದರೂ ಅಯ್ಯೋ ಪಾಪ ಅಂದರೆ, ಹೌದ್ರಿ, ನಿಮ್ಮ ಸೊಸಿ ಹೆಂಗ ಅದಾಳ ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದರು.

ಆ ಮನುಷ್ಯರು ಎಂಥವರು ಎನ್ನುವುದಕ್ಕೆ ನಮ್ಮ ಹಿತ್ತಲಿನ ನಿಂಬೆಗಿಡ ಸಾಕ್ಷಿ. ನಾವು ಮನೆ ಹೊಕ್ಕ ವರ್ಷ ಕಾಕೂ ತಮ್ಮ ಅಂಗಳದ ಸಸಿಯೊಂದನ್ನು ಕಿತ್ತು ತಂದು ನಮ್ಮಲ್ಲಿ ನೆಟ್ಟರು. ಗಿಡ ಬೆಳೆಯಿತು, ಅವರ ಅಂಗಳದ ತಾಯಿಗಿಡ ಒಣಗಿಹೋಯಿತು. ಅಂದಿನಿಂದ ಅವರು ಸಂತೆಯಲ್ಲಿ ನಿಂಬೆಹಣ್ಣು ಕೊಳ್ಳತೊಡಗಿದರು. ನಮ್ಮ ಗಿಡದ ಕೆಳಗೆ ಹಣ್ಣು ಉದುರಿ ಕೊಳೆಯುತ್ತಿದ್ದವು, ಅವರು ಗೋಡೆಯ ಆಚೆ ಚೀಲದಿಂದ ಸಂತೆಯ ಒಣಕಲು ನಿಂಬೆ ತೆಗೆದು ಹಿಂಡುತ್ತಿದ್ದರು. ನಾನು ತಾಟಿನ ತುಂಬ ಒಯ್ದು ಕೊಟ್ಟರೆ ತೆಗೆದುಕೊಳ್ಳುತ್ತಿರಲಿಲ್ಲ. "ಆ ಗಿಡ ನಿಮಗ ಕೊಟ್ಟೇನ್ರಿ ಬಾಯಾರ. ಕೊಟ್ಟದ್ದರ ಹಣ್ಣ ತಿನ್ನಬಾರದು," ಅನ್ನುತ್ತಿದ್ದರು. ಬೇರೆ ಏನು ಕೊಟ್ಟರೂ, ಸೊಪ್ಪು, ಮಜ್ಜಿಗೆ, ಹಬ್ಬದ ಹೋಳಿಗೆ, ಖುಷಿಯಿಂದ ತೆಗೆದುಕೊಳ್ಳುವರು. ನಿಂಬೆ ಮಾತ್ರ ಇಲ್ಲ. ಎಷ್ಟು ತಿಳಿಹೇಳಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಓಣಿಯ ನಾಯಿಗಳಿಗೆಲ್ಲ ಅವರದೇ ರೊಟ್ಟಿ. ತಾವು ಹೊತ್ತು ಮುಳುಗುವ ಮೊದಲು ಉಣ್ಣುವವರು, ಹಾಗಾಗಿ ನಾಯಿಗಳಿಗೂ ಅದೇ ಹೊತ್ತಿಗೆ ಊಟ. ಕೆಲವು ವರ್ಷಗಳಲ್ಲಿ ನಮ್ಮ ಓಣಿಯ ನಾಯಿಗಳು ಎಷ್ಟು ಶಿಸ್ತಿಗೆ ಬಂದವೆಂದರೆ ರಾತ್ರಿ ನಾನು ಹಾಕಿದ ಅನ್ನವನ್ನು ಮೂಸಿ ನೋಡಿ ಹೋಗುತ್ತಿದ್ದವು. ನಾಯಿಗಳನ್ನೂ ಜೈನರನ್ನಾಗಿ ಮಾಡೀರಿ ಎಂದು ನಮ್ಮ ಮನೆಯವರು ಚೇಷ್ಟೆ ಮಾಡಿದರೆ ಕಾಕೂ ನಗುತ್ತಿರಲಿಲ್ಲ. ಅದರಲ್ಲಿ ನಗುವಂಥದ್ದೇನಿದೆ ಎಂಬ ಮುಖ ಮಾಡಿ ಒಳಗೆ ಹೋಗುತ್ತಿದ್ದರು.

ಹೊಲದ ಸಂಗತಿಗೆ ಬರುತ್ತೇನೆ. ನಮ್ಮ ಊರಿನ ಅಂಚಿಗೆ, ಕೊಲ್ಹಾಪುರದ ದಾರಿಗೆ ಹತ್ತಿದಂತೆ, ಒಂದು ಕಪ್ಪುಮಣ್ಣಿನ ಹೊಲವಿದೆ. ಒಳ್ಳೆಯ ಹೊಲ, ಬಾವಿಯೂ ಇದೆ. ಆ ಬಾವಿ ಬೇಸಿಗೆಯಲ್ಲೂ ಬತ್ತಿದ್ದನ್ನು ಯಾರೂ ನೋಡಿಲ್ಲ. ಅದು ಕಾಕೂಗೆ ಅವರ ತಂದೆ ಮದುವೆಯಲ್ಲಿ ಅರಿಷಿಣ ಕುಂಕುಮಕ್ಕೆಂದು ಬಾಯಿಮಾತಿನಲ್ಲಿ ಕೊಟ್ಟದ್ದು. ಕಾಗದದಲ್ಲಿ ದಾನೋಳಿಯ ತಮ್ಮನ ಹೆಸರೇ ಉಳಿದಿತ್ತು. ಗಂಡ ಹೋದ ಮೇಲೆ ಒಂದು ದಿನ, ಕಬ್ಬಿನ ಗಾಡಿ ಎಳೆದು ಎಳೆದು ಕಾಲು ಸೋತ ಎತ್ತೊಂದನ್ನು ಯಾರೋ ಕಟುಕರ ಬಜಾರಿಗೆ ಹೊಡೆದುಕೊಂಡು ಹೋಗುವುದನ್ನು ಕಾಕೂ ನೋಡಿದರು. ಎಲ್ಲರೂ ನೋಡುತ್ತಾರೆ, ಅಯ್ಯೋ ಅನ್ನುತ್ತಾರೆ, ಮನೆಗೆ ಹೋಗಿ ಚಹಾ ಕುಡಿಯುತ್ತಾರೆ. ಕಾಕೂ ಮಾತ್ರ ಹೊಲವನ್ನೇ ಊರಿನ ಪಾಂಜರಪೋಳಕ್ಕೆ ಕೊಟ್ಟುಬಿಟ್ಟರು. ಮುದಿ ಎತ್ತು, ಹಾಲು ಬತ್ತಿದ ಎಮ್ಮೆ, ಯಾರಿಗೂ ಬೇಡವಾದ ಕುಂಟು ದನ ಸಾಯುವ ತನಕ ಇರುವ ಜಾಗ ಅದು. ಕಾಗದಕ್ಕೆ ದಾನೋಳಿಯ ತಮ್ಮನೇ ಸಹಿ ಮಾಡಿದರು, ಸಾಕ್ಷಿಗೆ ನಾನು ಸಹಿ ಮಾಡಿದೆ. ದಾನೋಳಿಯ ಯಾರೋ ದೊಡ್ಡ ರೈತರು ಕೊಟ್ಟರೆಂದು ಊರು ತಿಳಿಯಿತು. ನಿಜ ಗೊತ್ತಿದ್ದದ್ದು ತಮ್ಮನಿಗೆ, ನನಗೆ, ಕಾಕೂಗೆ. ನಮ್ಮ ಮನೆಯವರಿಗೂ ಹೇಳಬಾರದು ಎಂದರು, ಹೇಳಲಿಲ್ಲ. ಗಂಡನಿಂದ ಮುಚ್ಚಿಟ್ಟದ್ದು ನನ್ನ ಸಂಸಾರದಲ್ಲಿ ಅದೊಂದೇ.

ಕೊಟ್ಟ ಮೇಲೆ ಸುಮ್ಮನೆ ಮನೆಯಲ್ಲಿ ಕೂಡಬೇಕೋ ಬೇಡವೋ? ಮರುದಿನದಿಂದ ಅಲ್ಲಿ ದುಡಿಯಲು ಹೋಗತೊಡಗಿದರು. ಸೆಗಣಿ ಬಳಿಯುವುದು, ಗೋದಲಿ ತುಂಬುವುದು, ಬಾವಿಯಿಂದ ನೀರು ಸೇದಿ ದನಗಳಿಗೆ ಹಾಕುವುದು. ಹೋಗುವಾಗ ಮನೆಯಿಂದ ಒಂದು ಹಿತ್ತಾಳೆ ತಂಬಿಗೆಯಲ್ಲಿ ಸೋಸಿದ ನೀರು, ತಂಬಿಗೆಯ ಬಾಯಿಗೆ ಬಿಳಿ ಅರಿವೆ ಕಟ್ಟಿ. ಅಲ್ಲಿಯ ಬಾವಿಯ ನೀರನ್ನು ಅವರು ಕುಡಿಯುವಂತಿಲ್ಲ. ಜೈನರಲ್ಲಿ ದೇವರಿಗೆ ಬಿಟ್ಟದ್ದಕ್ಕೆ ನಿರ್ಮಾಲ್ಯ ಅನ್ನುತ್ತಾರೆ. ಅದನ್ನು ತಿಂದರೆ ದೊಡ್ಡ ಪಾಪ. ಬಸದಿಗೆ ಕೊಟ್ಟದ್ದಕ್ಕೆ ಇದು ಸರಿ, ದನಕ್ಕೆ ಕೊಟ್ಟದ್ದಕ್ಕೂ ಯಾಕೆ ಎಂದು ಬಸದಿಯ ಪಂಡಿತರೇ ಅವರಿಗೆ ಹೇಳಿ ನೋಡಿದ್ದರಂತೆ. ಕಾಕೂ ಅವರಿಗೆ ಕೈಮುಗಿದು, ಮರುದಿನ ಮತ್ತೆ ತಂಬಿಗೆ ಹಿಡಿದು ಹೊರಟರು.

ಒಂದು ಚೈತ್ರದಲ್ಲಿ ನಾನೂ ಜೊತೆಗೆ ಹೋಗಿದ್ದೆ. ಬಿಸಿಲಿಗೆ ತಂಬಿಗೆ ಬೇಗ ಬರಿದಾಯಿತು. ದನಗಳಿಗೆ ಕೊಡದ ಮೇಲೆ ಕೊಡ ಸೇದಿ ಹಾಕುತ್ತಿದ್ದ ಮನುಷ್ಯರು ಬಾವಿಕಟ್ಟೆಯ ಪಕ್ಕದಲ್ಲೇ ತಲೆ ತಿರುಗಿ ಬಿದ್ದರು. ಆಗತಾನೇ ಸೇದಿದ ಕೊಡ ಕಟ್ಟೆಯ ಮೇಲೆ ತುಂಬಿ ನಿಂತಿತ್ತು. ಮುಖಕ್ಕೆ ಎರಚಿದೆ, ಕಣ್ಣು ತೆರೆದರು. ಬಾಯಿಗೆ ಹಿಡಿದರೆ ಹಲ್ಲು ಕಚ್ಚಿದರು. ಎಂಥ ಹೆಂಗಸಪ್ಪಾ! ನಾನು ಸೀರೆ ಎತ್ತಿಕಟ್ಟಿಕೊಂಡು ಡಾಂಬರು ರಸ್ತೆಯ ಚಹಾದ ಅಂಗಡಿಗೆ ಓಡಿ ನೀರು ತಂದೆ. ಅದನ್ನೂ ಸೆರಗಿನಲ್ಲಿ ಸೋಸಿಯೇ ಕುಡಿದರು. ಅಂದಿನಿಂದ ಆ ಹೊಲಕ್ಕೆ ಹೋಗುವಾಗಲೆಲ್ಲ ನಾನೂ ಒಂದು ಬಾಟಲಿ ಒಯ್ಯತೊಡಗಿದೆ. ನನಗಲ್ಲ, ಇವರು ಬಿದ್ದರೆ ಮತ್ತೆ ಓಡುವುದು ಯಾರು ಎಂದು.

ವರ್ಷಗಳು ಹೋದವು. ಪಾಂಜರಪೋಳದ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಂಡರು. ಮೊದಲೆಲ್ಲ ಕಬ್ಬಿನ ಹಂಗಾಮಿನಲ್ಲಿ ರೈತರು ಕಬ್ಬಿನ ತುದಿಯ ಹಸಿರು ಮೇವನ್ನು ಗಾಡಿಗಟ್ಟಲೆ ತಂದು ಸುರಿಯುತ್ತಿದ್ದರು. ಈಗ ಅದಕ್ಕೂ ಬೆಲೆ ಬಂದಿದೆ, ಯಾರು ಸುಮ್ಮನೆ ಕೊಡುತ್ತಾರೆ? ಕೊಟ್ಟಿಗೆಯ ತಗಡು ಹಾರಿಹೋಯಿತು. ಡಾಕ್ಟರು ಬರುವುದು ನಿಂತಿತು. ಉಳಿದದ್ದು ಕೆಲವೇ ದನ, ಅವುಗಳಲ್ಲಿ ಸರ್ಜಾ ಎನ್ನುವ ಕುಂಟೆತ್ತು ಕಾಕೂನ ಜೀವ. ಕಬ್ಬು ತುಂಬಿದ ಗಾಡಿ ಇಳಿಜಾರಿನಲ್ಲಿ ಜಾರಿ ಅದರ ಹಿಂಗಾಲು ಮುರಿದಿತ್ತು. ಕಾಕೂನ ಕೈಯಿಂದ ಹಾಕಿದರೆ ಮಾತ್ರ ಮೇವು ಮುಟ್ಟುವುದು, ಅದಕ್ಕೂ ಅವರದೇ ಹಟ ಅಂಟಿಕೊಂಡಿತ್ತು.

ಆಗ ಪಾಂಜರಪೋಳದ ಅಧ್ಯಕ್ಷರು ಹೊಲ ಮಾರುವ ಮಾತು ತೆಗೆದರು. ಅವರು ಬಟ್ಟೆ ಅಂಗಡಿಯವರು, ಕೆಟ್ಟ ಮನುಷ್ಯರಲ್ಲ, ದಣಿದಿದ್ದರು. ಮಂಗಲ ಕಾರ್ಯಾಲಯ ಕಟ್ಟಬೇಕೆನ್ನುವ ಒಬ್ಬರು ಹಣ ಹಿಡಿದು ನಿಂತಿದ್ದರು. ಅವರಿಗೆ ಹೋದರೆ ಅಲ್ಲಿ ಮದುವೆಯ ಬ್ಯಾಂಡು, ದನಗಳಿಗೆ ಬಜಾರು. ಇಲ್ಲವೇ ನಗರಪಾಲಿಕೆ ಕೊಳ್ಳಬೇಕು. ಕೊಂಡು ಕೊಟ್ಟಿಗೆ ಕಟ್ಟಿ, ದನಗಳ ಡಾಕ್ಟರನ್ನು ಇಟ್ಟು, ಓಣಿಯ ನಾಯಿಗಳಿಗೂ ಒಂದು ದವಾಖಾನೆ ಮಾಡಬೇಕು. ಅಷ್ಟರಲ್ಲಿ ನಮ್ಮ ಮನೆಯವರು ಆರಿಸಿಬಂದು ಪಾಲಿಕೆಯ ಸದಸ್ಯರಾಗಿದ್ದರು. ಊರ ಉಸಾಬರಿಯೆಲ್ಲ ನಮ್ಮ ಮನೆಯ ಕಟ್ಟೆಗೆ ಬಂದು ಕುಳಿತಿತು.

ಎಂಥ ಎಂಥ ವಾದ ಕೇಳಿದೆ ನಾನು ಆ ತಿಂಗಳು! ದಾನಾಚೀ ಜಮೀನ ವಿಕತ ಕಶಾಲಾ ಎಂದು ಒಬ್ಬರು, ಅಂದರೆ ದಾನದ ಜಮೀನನ್ನು ದುಡ್ಡು ಕೊಟ್ಟು ಯಾಕೆ ಕೊಳ್ಳಬೇಕು, ಸುಮ್ಮನೆ ಬಿಟ್ಟುಕೊಡಲಿ ಎಂದು. ಸುಮ್ಮನೆ ಕೊಟ್ಟರೆ ನಾಳೆ ಮೇವಿಗೆ ಯಾರು ಕೊಡುತ್ತಾರೆ ಎಂದು ಅಧ್ಯಕ್ಷರು. ಮನುಷ್ಯರಿಗೇ ನಳದಲ್ಲಿ ನೀರಿಲ್ಲ, ನಾಯಿಗೆ ದವಾಖಾನೆ ಬೇಕೇ ಎಂದು ಮತ್ತೊಬ್ಬರು. ನಾಯಿ ಕಚ್ಚಿದಾಗ ಮಾತ್ರ ಇವರೇ ಮೊದಲು ಪಾಲಿಕೆಗೆ ಓಡಿಬರುವವರು. ನೀರು ನಿಂತು ಮಣ್ಣು ಜವಳು ಹಿಡಿದಿದೆ, ಬೆಲೆ ಜಾಸ್ತಿ ಎಂದು ಇನ್ನೊಬ್ಬರು. ದಾನ ಬಂದ ಆಕಳ ಹಲ್ಲು ಹಿಡಿದು ನೋಡಿದರು ಅನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡೆ. ಕೊಳ್ಳಬೇಕು ಅನ್ನುವವರು ಅರ್ಧ, ಬೇಡ ಅನ್ನುವವರು ಅರ್ಧ.

ನನಗೆ ಒಂದು ದಾರಿ ಕಂಡಿತು. ಕಾಕೂ ಎದ್ದು ನಿಂತು, ಹೊಲ ಕೊಟ್ಟಾಕಿ ನಾನ, ದನಕ್ಕಂತ ಕೊಟ್ಟೇನಿ ಎಂದು ಒಂದು ಮಾತು ಹೇಳಿದರೆ ಮುಗಿಯಿತು. ಮಂಗಲ ಕಾರ್ಯಾಲಯದವನೇ ನಾಚಿ ಹಿಂದೆ ಸರಿಯುತ್ತಾನೆ. ಗೋಡೆಯ ಆಚೆ ಹೋಗಿ ಕೈಮುಗಿದು ಕೇಳಿದೆ.

"ನನ್ನ ಯಾಕ ಕೇಳ್ತೀರಿ ಬಾಯಾರ? ಅದು ನನ್ನ ಹೊಲ ಅಲ್ಲ," ಎಂದರು. ಅಕ್ಕಿಯಲ್ಲಿನ ಹರಳು ಆರಿಸುತ್ತಿದ್ದ ಕೈ ನಿಲ್ಲಲಿಲ್ಲ.

"ನೀವು ಕೊಟ್ಟದ್ದಲ್ಲೇನ್ರಿ?"

"ಕೊಟ್ಟ ಮ್ಯಾಲ ಮುಗೀತು. ಹಿಂಗ ಮಾಡ್ರಿ, ಹಂಗ ಮಾಡ್ರಿ ಅಂದ್ರ ಇನ್ನೂ ಹಿಡಕೊಂಡೇನಿ ಅಂತಾತು."

ಹಾಗಾದರೆ ಸರ್ಜಾ ಬಜಾರಿಗೆ ಹೋಗಲಿ ಬಿಡಿ ಎಂದೆ, ಬೇಕೆಂದೇ. ಕೈ ನಿಂತಿತು. ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ. ಆಮೇಲೆ ಮತ್ತೆ ಹರಳು ಆರಿಸತೊಡಗಿದರು. ನನಗೆ ತಲೆ ಚಿಟ್ಟು ಹಿಡಿದು, ಇಂಥ ದಾನ ಯಾಕ ಮಾಡಬೇಕಿತ್ತು ಎಂದು ಕೂಗಾಡಿ ಎದ್ದು ಬಂದೆ. ಇವರ ಪುಣ್ಯ ಉಳಿಯಬೇಕು, ಅದಕ್ಕಾಗಿ ಎತ್ತು ಸಾಯಬೇಕು, ಇದು ಯಾವ ಧರ್ಮ?

ಸಭೆಗೆ ಮೊದಲು ಸದಸ್ಯರೆಲ್ಲ ಹೊಲ ನೋಡಲು ಹೋದರು. ಸೀತನಿಯ ಕಾಲ, ಜೋಳದ ಎಳೆತೆನೆ ಸುಟ್ಟು ತಿನ್ನುವ ದಿನಗಳು. ಬಂದವರನ್ನು ಒಲಿಸಬೇಕಲ್ಲ, ಅಧ್ಯಕ್ಷರು ದನಗಳ ಮೇವಿಗೆಂದು ಬೆಳೆದಿದ್ದ ಜೋಳದಲ್ಲೇ ಒಂದಿಷ್ಟು ಹಾಲುತೆನೆ ಕೊಯ್ಯಿಸಿ, ಕುಳ್ಳಿನ ಕೆಂಡದಲ್ಲಿ ಸುಡಿಸಿ, ಶೇಂಗಾ ಚಟ್ನಿ, ಬೆಲ್ಲ, ಮೊಸರು ಇಟ್ಟು ಸೀತನಿಯ ಊಟವನ್ನೇ ಮಾಡಿಸಿದರು. ಅವರೂ ಜೈನರೇ, ದನದ ಪಾಲಿನದು ತಿನ್ನಬಾರದೆಂದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ನಮ್ಮ ಕಡೆ ಹೊಲಕ್ಕೆ ಬಂದವರನ್ನು ಸೀತನಿಯ ಕಾಲದಲ್ಲಿ ಬರಿಗೈಯಲ್ಲಿ ಕಳಿಸುವುದೆಂದರೆ ಅವಮಾನ. ಆತಿಥ್ಯದ ಮುಂದೆ ಧರ್ಮ ಹಿಂದೆ ಬಿತ್ತು. ಹೊಲ ಅಳೆಯಲು ಬಂದವರು ಬೇವಿನ ನೆರಳಿನಲ್ಲಿ ಕುಳಿತು ಬಿಸಿ ತೆನೆ ಅಂಗೈಯಲ್ಲಿ ಉಜ್ಜಿ, ಊದಿ, ಮುಕ್ಕಿದರು. ದವಾಖಾನೆ ಬೇಡ ಅಂದವರೇ ಎಲ್ಲರಿಗಿಂತ ಹೆಚ್ಚು ತಿಂದರು.

ಕಾಕೂ ಅಲ್ಲೇ ಗೋದಲಿಯ ಹತ್ತಿರ ಸರ್ಜಾನ ಮೈ ತಿಕ್ಕುತ್ತಿದ್ದರು. ನಮ್ಮ ಮನೆಯವರು ಪ್ರೀತಿಯಿಂದ ಒಂದು ಬೊಗಸೆ ಸೀತನಿ ಒಯ್ದು, ತಗೋರಿ ಕಾಕೂ, ಭಾಳ ಸೀ ಅದಾವ ಎಂದರಂತೆ.

"ನನಗ ಬ್ಯಾಡ್ರಿ. ಅವು ದನದ್ದು," ಎಂದರು ಕಾಕೂ. ನಮ್ಮವರ ಮುಖ ಸಣ್ಣದಾದದ್ದನ್ನು ಕಂಡು, "ನೀವು ತಿನ್ರಿ. ನಿಮಗ ಗೊತ್ತಿದ್ದಿಲ್ಲ," ಎಂದೂ ಸೇರಿಸಿದರು.

ಮರುದಿನ ಕಾಕೂನ ಒಲೆ ಹೊತ್ತಲಿಲ್ಲ. ಅದರ ಮರುದಿನವೂ ಇಲ್ಲ. ನಾಯಿಗಳಿಗೆ ರೊಟ್ಟಿ ಮಾತ್ರ ನನ್ನ ಕೈಯಿಂದ ಮಾಡಿಸಿ ಹಾಕಿದರು. ಏನು ವ್ರತವೆಂದು ಕೇಳಿದರೆ ಮೊದಲು ಹೇಳಲಿಲ್ಲ. ಬೆನ್ನು ಹತ್ತಿದೆ. ತಿಂದವರ ಪರವಾಗಿ ತಾನು ಉಪವಾಸ ಎಂದರು. ಅವರು ತಿಳಿಯದೆ ತಿಂದರು, ತಿಳಿದೂ ಸುಮ್ಮನೆ ನೋಡುತ್ತ ನಿಂತವಳು ತಾನು, ಲೆಕ್ಕ ತನಗೇ ಬರುತ್ತದೆ ಎಂದರು. ಮನೆಗೆ ಬಂದೆ. ನಮ್ಮವರು ಊಟಕ್ಕೆ ಕುಳಿತಿದ್ದರು. ತಿಂದವರು ನೀವು, ಉಪವಾಸ ಅವರು, ಬೇಕಾದರೆ ಇನ್ನೆರಡು ರೊಟ್ಟಿ ಹಾಕಲೇ ಎಂದೆ. ಕೈಯ ತುತ್ತು ತಾಟಿಗೆ ಬಿತ್ತು. ನನಗೆ ಪಾಪ ಅನ್ನಿಸಲಿಲ್ಲ. ಈ ಸುದ್ದಿಯನ್ನು ನಾನೇ ಬಸದಿಯ ಓಣಿಯಲ್ಲೂ ನಮ್ಮ ಓಣಿಯಲ್ಲೂ ಹೇಳಿ ಬಂದೆ. ಅದನ್ನು ಯಾರಿಗೂ ಹೇಳಬಾರದೆಂದು ಕಾಕೂ ಮಾತು ತೆಗೆದುಕೊಂಡಿರಲಿಲ್ಲ. ಸದಸ್ಯರ ಮನೆಗಳಲ್ಲಿ ಹೆಂಡಂದಿರು, ತಾಯಂದಿರು ಕೇಳಬೇಕಾದ್ದನ್ನು ಕೇಳಿದರು. ಮಂಗಲ ಕಾರ್ಯಾಲಯದ ಪರವಾಗಿದ್ದ ಒಬ್ಬ ಸದಸ್ಯರ ತಾಯಿ ಮಗನಿಗೆ ನೀರು ಕೊಡುವುದನ್ನೇ ಬಿಟ್ಟರೆಂದು ಆಮೇಲೆ ಗೊತ್ತಾಯಿತು.

ಸಭೆಯ ದಿನ ಪಾಲಿಕೆಯ ಸಭಾಗೃಹ ತುಂಬಿತ್ತು. ಯಾರು ಕರೆದರೂ ಬರದ ಕಾಕೂ ತಾವೇ ಬಂದು ಹಿಂದಿನ ಸಾಲಿನಲ್ಲಿ ಕುಳಿತದ್ದನ್ನು ನೋಡಿ ನನಗೆ ಜೀವ ಬಂದಂತಾಯಿತು. ಕೊನೆಗೂ ಬಾಯಿ ಬಿಡುತ್ತಾರೆ ಎಂದುಕೊಂಡೆ. ಪಕ್ಷಗಳ ಮಾತೆಲ್ಲ ಮುಗಿದ ಮೇಲೆ ಅವರು ಎದ್ದು ನಿಂತರು. ಆ ದನಗಳ ಸೇವೆಯಲ್ಲೇ ಮುದುಕಿಯಾದವರು, ಮೇಲಾಗಿ ಉಪವಾಸದ ಸುದ್ದಿ ಎಲ್ಲರಿಗೂ ಗೊತ್ತು, ಎಲ್ಲರೂ ಅವರ ಕಡೆ ತಿರುಗಿದರು.

"ನಂದೊಂದು ಪ್ರಶ್ನೆ ಐತ್ರಿ. ಊರು ಕೊಂಡ್ರ ಆ ಹೊಲ ಯಾರದ ಆಗತೈತಿ?"

ಉತ್ತರ ಕೊಡಲು ಎದ್ದವರು ನಮ್ಮ ಮನೆಯವರು. ಪಾಪ, ಒಳ್ಳೆಯ ಮನಸ್ಸಿನಿಂದ, ಸೀತನಿಯ ತಪ್ಪು ತೊಳೆದುಕೊಳ್ಳಲೆಂದೇ, ಭಾರಿ ಪ್ರೀತಿಯ ದನಿಯಲ್ಲಿ ಹೇಳಿದರು.

"ಊರಾಗ ಮನೀ ಕಂದಾಯ, ಘರಪಟ್ಟಿ ತುಂಬಾವ್ರ ಎಲ್ಲಾರದೂ ಆಗತೈತ್ರಿ ಕಾಕೂ. ನಿಮ್ಮದೂ ಒಂದ ಪಾಲು ಇರತೈತಿ."

ಜನ ಚಪ್ಪಾಳೆ ತಟ್ಟಿದರು. ಅಲ್ಲಿ ಕುಳಿತವರಲ್ಲಿ ಆ ಮಾತಿನ ಅರ್ಥ ಗೊತ್ತಿದ್ದವರು ಇಬ್ಬರೇ. ಕಾಕೂ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಸದಸ್ಯರ ಕಡೆ ತಿರುಗಿ, "ಹಂಗಾರ ಕೊಳ್ರಿ. ದನಕ್ಕ ಛಲೋ ಆಗತೈತಿ," ಎಂದು ಹೇಳಿ ಕುಳಿತರು.

ಅಷ್ಟು ಸಾಕಾಯಿತು. ಹೊಲ ಕೊಳ್ಳಬೇಕು, ಪ್ರಾಣಿಗಳಿಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸಬಾರದು ಎಂದು ಠರಾವು ಆಯಿತು. ತಾಯಿಯ ಕೈಯ ನೀರು ಸಿಗದವರೂ ಕೈ ಎತ್ತಿದರು. ನಮ್ಮವರು ಗೆದ್ದ ಖುಷಿಯಲ್ಲಿ ಪೇಢೆ ತಂದರು. ನಾನು ತಿನ್ನಲಿಲ್ಲ.

ಕೆಲವು ದಿನ ಗೋಡೆಯ ಆಚೆ ಪೆಟ್ಟಿಗೆ ಎಳೆಯುವ ಸಪ್ಪಳ ಕೇಳಿತು. ಹೋಗಿ ನೋಡಿದರೆ ಪಾತ್ರೆಗಳೆಲ್ಲ ಗಂಟು ಕಟ್ಟಿ ಆಗಿದೆ. ಮನೆಯನ್ನು ಬಸದಿಗೆ ಬರೆದುಕೊಟ್ಟು, ತಾವು ದಾನೋಳಿಯ ತಮ್ಮನ ಮನೆಗೆ ಹೊರಟಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಮನೀ ಕೊಟ್ಟ್ರಿ, ಘರಪಟ್ಟಿ ಹೋತು. ಇನ್ನ ಪಾಲು ಎಲ್ಲೀದು? ನಮ್ಮ ಮನ್ಯಾಗ ಇರ್ರಿ," ಎಂದೆ.

"ಊರಾಗ ಇದ್ರ ಊರಾಕೀನ ಅಲ್ಲೇನ್ರಿ ಬಾಯಾರ? ಕೊಟ್ಟದ್ದು ತಿರುಗಿ ನನ್ನ ಕಡೆ ಬರಾಕತ್ತೈತಿ. ನಾನ ಸರೀಬೇಕು."

"ಸರ್ಜಾ ನಿಮ್ಮ ಕೈಲೇ ಅಷ್ಟ ತಿಂತೈತಿ. ಅದನ್ನ ಬಿಟ್ಟು ಹೋಗ್ತೀರಿ?"

ಅವರು ಕಟ್ಟಿದ್ದ ಗಂಟೊಂದನ್ನು ಬಿಚ್ಚಿ ಮತ್ತೆ ಕಟ್ಟಿದರು. "ನಿಮ್ಮ ಕೈ ರೂಢಿ ಮಾಡಿಸೇನಿ. ನೀವು ಹಾಕಿದ್ರೂ ತಿಂತೈತಿ," ಎಂದರು. ಹಿಂದಿನ ಕೆಲವು ದಿನಗಳಿಂದ ನನ್ನನ್ನು ದಿನಾ ಹೊಲಕ್ಕೆ ಕರೆದೊಯ್ದು ಮೇವು ಹಾಕಿಸಿದ್ದು ಯಾಕೆಂದು ಆಗ ತಿಳಿಯಿತು. ನನಗೆ ಸಿಟ್ಟು ತಡೆಯಲಾಗಲಿಲ್ಲ. ಅಂದೆ, ಎಲ್ಲಾ ಬಿಟ್ಟೀರಿ, ಈ ಹಟಾ ಒಂದು ಬಿಟ್ಟಿಲ್ಲ, ಮೊದಲ ಅದನ್ನ ದಾನ ಮಾಡ್ರಿ ಎಂದು. ಅವರು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ತೀರ ಕಡಿಮೆ, ಅದೂ ಆ ಹೊತ್ತಿಗೆ ಬರಬೇಕೇ?

ಟೆಂಪೋ ಹೊರಡುವಾಗ ಓಡಿಹೋಗಿ ಒಂದು ಚೀಲ ನಿಂಬೆಹಣ್ಣು ಮಡಿಲಿಗೆ ಹಾಕಿದೆ. ಊರು ಬಿಟ್ಟು ಹೋಗುವಾಗಲಾದರೂ ತೆಗೆದುಕೊಂಡಾರು ಎಂದು. ಚೀಲವನ್ನು ಮೆಲ್ಲಗೆ ನನ್ನ ಕೈಗೇ ತಿರುಗಿ ಕೊಟ್ಟರು. ಆಮೇಲೆ ನನ್ನ ಕೈ ಬಿಡದೆ, "ಆ ಬಾವಿ ಈಗ ನಿಮ್ಮದೂ ಆತು. ನೀರು ಭಾಳ ಸೀ ಐತಿ, ಅಪ್ಪ ಹೇಳ್ತಿದ್ದ. ನೀವರ ಕುಡೀರಿ," ಎಂದರು.

ಸೀ ಇದೆ ಎಂಬುದನ್ನೂ ಅಪ್ಪನ ಬಾಯಿಂದ ಕೇಳಿದ್ದು. ಹೊಲ ತಮ್ಮದಿದ್ದಾಗಲೂ ಸ್ವತಃ ಕುಡಿದು ನೋಡಲಿಲ್ಲ ಈ ಮಹಾತಾಯಿ.

ಪಾಲಿಕೆ ತನ್ನ ಮಾತು ಉಳಿಸಿಕೊಂಡಿತು ಅನ್ನಬೇಕು, ನಿಧಾನಕ್ಕೆ, ಗೊಣಗುತ್ತ. ಕೊಟ್ಟಿಗೆಗೆ ಹೊಸ ತಗಡು ಬಂತು, ವಾರಕ್ಕೊಮ್ಮೆ ಗಡಹಿಂಗ್ಲಜದಿಂದ ಡಾಕ್ಟರು ಬರುತ್ತಾರೆ, ನಾಯಿಗಳಿಗೆ ಒಂದು ಕೋಣೆ ಏರುತ್ತಿದೆ. ಬಾಗಿಲ ಮೇಲೆ ಯಾರ ಹೆಸರು ಹಾಕಬೇಕೆಂದು ಇನ್ನೂ ಜಗಳ ನಡೆದಿದೆ. ಇಷ್ಟು ವರ್ಷದಲ್ಲಿ ನಾನು ದಾನೋಳಿಗೆ ಹೋದಾಗಲೆಲ್ಲ ಕಾಕೂ ಸರ್ಜಾನ ಕಾಲು ಹೇಗಿದೆ, ಹಲ್ಲು ಹೇಗಿವೆ ಎಂದು ಕೇಳುತ್ತಿದ್ದರು. ಹೊಲದ ಬಗ್ಗೆ ಒಂದು ಮಾತು ಕೇಳಲಿಲ್ಲ. ಬರ್ರಿ, ಒಮ್ಮೆ ನೋಡಿ ಹೋಗ್ರಿ ಎಂದರೆ, ಕೊಟ್ಟ ಮ್ಯಾಲ ಕಣ್ಣು ತಿರುವಬೇಕ್ರಿ ಅನ್ನುತ್ತಿದ್ದರು.

ಫೋನ್ ಬಂದ ದಿನ ನಮ್ಮ ಮನೆಯವರಿಗೆ ಎಲ್ಲ ಹೇಳಿಬಿಟ್ಟೆ. ಹೆಸರು ಹೊರಗೆ ಬರಬಾರದು ಅಂದಿದ್ದರು ನಿಜ, ಗಂಡ ಹೊರಗಿನವನೇ?

"ನಿಮ್ಮದೂ ಪಾಲು ಐತಿ ಅಂದೆ. ಛಲೋ ಮಾಡಾಕ ಅಂದೆ," ಎಂದರು ಅವರು. "ನೀ ಆಗ ಒಂದು ಮಾತು ಹೇಳಬಾರದಿತ್ತೇನ?"

ಮಾತು ಕೊಟ್ಟಿದ್ದೆ ಎಂದೆ. ಕೊಟ್ಟದ್ದನ್ನು ಮುರಿಯಬಾರದು ಎಂದೂ ಅಂದೆ, ಮತ್ತೆ ನನ್ನ ಬಾಯಿಂದ ಕಾಕೂನ ಮಾತೇ ಹೊರಟಿತಲ್ಲ ಎಂದು ಮೈ ಉರಿಯಿತು.

ಮರುದಿನ ಹೊಲಕ್ಕೆ ಹೋದೆ. ಬಿಸಿಲು ಬಹಳ. ಸರ್ಜಾ ಈಗ ಏಳುವುದಿಲ್ಲ, ಕುಳಿತಲ್ಲೇ ಕತ್ತು ಚಾಚುತ್ತದೆ. ಮೇವು ಹಾಕಿದೆ. ಆಮೇಲೆ ಬಾವಿಗೆ ಕೊಡ ಇಳಿಸಿ ನೀರು ಸೇದಿದೆ. ಇವತ್ತು ಕುಡಿದೇಬಿಡಬೇಕು ಎಂದು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ನಾನೇನು ಜೈನಳಲ್ಲ. ಹೊಲ ಕೊಟ್ಟವಳೂ ನಾನಲ್ಲ. ಘರಪಟ್ಟಿ ತಪ್ಪದೆ ತುಂಬುತ್ತೇನೆ, ಬಾವಿಯಲ್ಲಿ ನನ್ನ ಪಾಲಿದೆ, ಕುಡೀರಿ ಎಂದು ಅವರೇ ಹೇಳಿಹೋಗಿದ್ದಾರೆ. ಬೊಗಸೆ ತುಂಬಿಕೊಂಡು ತುಟಿಯ ತನಕ ಒಯ್ದೆ. ತಣ್ಣಗಿತ್ತು. ಬಾಯಿ ತೆರೆಯಲಿಲ್ಲ.

ಬೊಗಸೆಯ ನೀರನ್ನು ಸರ್ಜಾನ ಮುಂದೆ ಹಿಡಿದೆ. ಅದು ನೆಕ್ಕಿ ಮುಗಿಸಿ ಕೊಡದ ಕಡೆ ನೋಡಿತು, ಕೊಡವನ್ನೇ ಬಾಯಿಗೆ ಬಗ್ಗಿಸಿದೆ. ಅದರ ಪಕ್ಕದಲ್ಲಿ ಕುಳಿತು, ಚೀಲದಿಂದ ನನ್ನ ಪ್ಲಾಸ್ಟಿಕ್ ಬಾಟಲಿ ತೆಗೆದೆ. ಮನೆಯಿಂದ ತಂದ ನೀರು ಬಿಸಿಲಿಗೆ ಬಿಸಿಯಾಗಿತ್ತು. ಕಾಕೂನನ್ನು ಬೈಯುತ್ತಲೇ ಅದನ್ನೇ ಕುಡಿದೆ.